ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕೈಗೆ ಫೈಲ್‌ಗಳ ಪಟ್ಟಿ: ವಿಂಡೋಸ್ ಮೆನುವಿಗೆ ನಿಮ್ಮದೇ ಕಮಾಂಡ್ ಸೇರಿಸುವ ಸಮಗ್ರ ಮಾರ್ಗದರ್ಶಿ

ಟೆಂಡರ್‌ಗೆ ಲಗತ್ತಿಸಿದ ದಾಖಲೆಗಳು, ಮದುವೆಯ ಫೋಟೊಗಳು, ವಿದ್ಯಾರ್ಥಿಗಳು ಕಳಿಸಿದ ಅಸೈನ್‌ಮೆಂಟ್‌ಗಳು: ಯಾವುದೇ ಫೋಲ್ಡರ್ ಆಗಲಿ, "ಇದರಲ್ಲಿ ಏನೇನಿದೆ, ಒಂದು ಪಟ್ಟಿ ಕೊಡಿ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ಹೆಸರುಗಳನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಆ ಪಟ್ಟಿಯನ್ನು ಪ್ರಿಂಟ್ ಮಾಡಲು ಅದರಲ್ಲಿ ಬಟನ್ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ಮೈಕ್ರೋಸಾಫ್ಟ್ ಇದಕ್ಕೊಂದು ದಾರಿ ತೋರಿಸಿತ್ತು: ಚಿಕ್ಕದೊಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆದು ಫೋಲ್ಡರ್‌ನ ರೈಟ್ ಕ್ಲಿಕ್ ಮೆನುವಿಗೆ ಜೋಡಿಸುವುದು. ವಿಂಡೋಸ್ 10 ಮತ್ತು 11ರಲ್ಲೂ ಅದೇ ದಾರಿ ನಡೆಯುತ್ತದೆ. ಕನ್ನಡದ ಹೆಸರುಗಳೂ ಕೆಡದಂತೆ, ಬೇಡವೆನಿಸಿದಾಗ ಸುಲಭವಾಗಿ ತೆಗೆಯಲು ಬರುವಂತೆ ಅದನ್ನು ಕಟ್ಟುವ ಕ್ರಮ ಇಲ್ಲಿದೆ.

ಒಂದೇ ಒಂದು ಸಲ ಪಟ್ಟಿ ಬೇಕಿದ್ದರೆ ಇಷ್ಟೆಲ್ಲ ಬೇಡ. ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಫೈಲ್‌ಗಳನ್ನೂ ಆರಿಸಿ. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿ, ವಿಂಡೋಸ್ 10ರಲ್ಲಾದರೆ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, "ಕಾಪಿ ಆ್ಯಸ್ ಪಾತ್" ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಪ್ರತಿ ಹೆಸರಿನ ಹಿಂದೆ ಪೂರ್ತಿ ವಿಳಾಸವೂ ಸುತ್ತ ಡಬಲ್ ಕೋಟ್‌ಗಳೂ ಬರುತ್ತವೆ. ರಿಪ್ಲೇಸ್ ಬಳಸಿ ಅವನ್ನು ಅಳಿಸಿದರೆ ಕೆಲಸ ಮುಗಿಯಿತು. ವಾರಕ್ಕೆ ನಾಲ್ಕು ಸಲ ಇದನ್ನೇ ಮಾಡುವವರು ಮುಂದೆ ಓದಿ.

ಟೈಪ್ ಮಾಡುವ ಮುನ್ನ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕಂಪ್ಯೂಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. "ಡಿಐಆರ್", "ಸಿಎಚ್‌ಸಿಪಿ" ಥರದವನ್ನು ಬಿಡಿ ಅಕ್ಷರಗಳಾಗಿ ಓದಿಕೊಳ್ಳಿ. "ಎಕೋ", "ಸ್ಟಾರ್ಟ್", "ನೋಟ್‌ಪ್ಯಾಡ್" ಥರದವು ಇಂಗ್ಲಿಷ್‌ನ ಮಾಮೂಲು ಪದಗಳು. ಅಂಕಿ, ಶೇಕಡಾ ಗುರುತು, ಕೋಟ್, ಓರೆಗೆರೆಗಳು ಇಲ್ಲಿ ಹೇಗಿವೆಯೋ ಹಾಗೆಯೇ ಇರಲಿ. ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕಿಲ್ಲ.

ಮೊದಲು ಬ್ಯಾಚ್ ಫೈಲ್

ಇಡೀ ಕಮಾಂಡ್ ಅನ್ನು ನೇರವಾಗಿ ರಿಜಿಸ್ಟ್ರಿಯಲ್ಲೇ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ತುರುಕಬಹುದು, ಹಾಗೆ ಮಾಡುವವರೂ ಇದ್ದಾರೆ. ಆದರೆ ಮುಂದೆ ಪಟ್ಟಿಯ ಕ್ರಮ ಬದಲಿಸಬೇಕೆಂದರೆ ಪ್ರತಿ ಸಲವೂ ರಿಜಿಸ್ಟ್ರಿಗೆ ಕೈ ಹಾಕಬೇಕಾಗುತ್ತದೆ. ಕೆಲಸವೆಲ್ಲ ಬ್ಯಾಚ್ ಫೈಲ್‌ನಲ್ಲಿರಲಿ, ರಿಜಿಸ್ಟ್ರಿ ಅದನ್ನು ಕರೆದರೆ ಸಾಕು.

ಸಿ ಡ್ರೈವ್‌ನಲ್ಲಿ "ಟೂಲ್ಸ್" ಎಂಬ ಫೋಲ್ಡರ್ ಮಾಡಿ. ನೋಟ್‌ಪ್ಯಾಡ್ ತೆರೆದು ಈ ಐದು ಸಾಲು ಬರೆಯಿರಿ:

@ಎಕೋ ಆಫ್
ಸಿಎಚ್‌ಸಿಪಿ 65001 >ಎನ್‌ಯುಎಲ್
ಸೆಟ್ "ಔಟ್=%ಟೆಂಪ್%\ಲಿಸ್ಟ್_%~ಎನ್‌ಎಕ್ಸ್1.ಟಿಎಕ್ಸ್‌ಟಿ"
ಡಿಐಆರ್ "%~1" /ಬಿ /ಎ:-ಡಿ-ಎಚ್-ಎಸ್ /ಒ:ಎನ್ >"%ಔಟ್%" 2>&1
ಸ್ಟಾರ್ಟ್ "" ನೋಟ್‌ಪ್ಯಾಡ್ "%ಔಟ್%"

ಇದನ್ನು ಟೂಲ್ಸ್ ಫೋಲ್ಡರ್‌ನಲ್ಲಿ "ಲಿಸ್ಟ್.ಬಿಎಟಿ" ಎಂದು ಉಳಿಸಿ. ಸೇವ್ ಮಾಡುವ ಕಿಟಕಿಯಲ್ಲಿ ಫೈಲ್ ಬಗೆಯನ್ನು "ಆಲ್ ಫೈಲ್ಸ್" ಎಂದು ಬದಲಿಸಿಕೊಳ್ಳದಿದ್ದರೆ ನೋಟ್‌ಪ್ಯಾಡ್ ತಾನಾಗಿ ಕೊನೆಗೆ .ಟಿಎಕ್ಸ್‌ಟಿ ಅಂಟಿಸುತ್ತದೆ. ಎಕ್ಸ್‌ಪ್ಲೋರರ್ ಬಾಲವನ್ನು ಮರೆಮಾಡುವುದರಿಂದ ಫೈಲ್ ಸರಿಯಾಗಿಯೇ ಇರುವಂತೆ ಕಾಣುತ್ತದೆ, ಕಮಾಂಡ್ ಮಾತ್ರ ಓಡುವುದಿಲ್ಲ. ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಇರಲಿ. "ಯುಟಿಎಫ್-8 ವಿತ್ ಬಿಒಎಂ" ಆರಿಸಿದರೆ ಫೈಲ್‌ನ ಆರಂಭದಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳು ಸೇರಿಕೊಂಡು ಮೊದಲ ಸಾಲೇ ತಪ್ಪೆಂದು ಕಮಾಂಡ್ ಪ್ರಾಂಪ್ಟ್ (ಕಮಾಂಡ್‌ಗಳನ್ನು ಓಡಿಸುವ ಕಪ್ಪು ಕಿಟಕಿ) ತಕರಾರು ತೆಗೆಯುತ್ತದೆ.

ಒಂದೊಂದು ಸಾಲೂ ಯಾಕಿದೆ ಎಂದು ತಿಳಿದರೆ ಮುಂದೆ ನೀವೇ ತಿದ್ದಿಕೊಳ್ಳಬಹುದು.

ಎರಡನೆಯ ಸಾಲು ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯ. ಕಮಾಂಡ್ ಪ್ರಾಂಪ್ಟ್ ತನ್ನ ಫಲಿತಾಂಶವನ್ನು ಫೈಲ್‌ಗೆ ಬರೆಯುವಾಗ ಹಳೆಯ ಕಾಲದ ಕೋಡ್ ಪುಟವೊಂದನ್ನು (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಹೇಳುವ ಕೋಷ್ಟಕ) ಬಳಸುತ್ತದೆ. ಆ ಪುಟಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಮೂಲಕವಷ್ಟೇ ಬರುತ್ತದೆ. ಹಾಗಾಗಿ "ಗ್ರಾಮಸಭೆ ನಡಾವಳಿ" ಎಂಬ ಹೆಸರಿನ ಫೈಲ್ ಪಟ್ಟಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತದೆ. 65001 ಎಂದರೆ ಯುಟಿಎಫ್-8, ಯೂನಿಕೋಡ್ ಅನ್ನು ಬರೆದಿಡುವ ಒಂದು ಬಗೆ. ಈ ಸಾಲು ಇದ್ದರೆ ಕನ್ನಡ ಹಾಗೇ ಉಳಿಯುತ್ತದೆ. ಸಾಲಿನ ಕೊನೆಯ ಪದದಲ್ಲಿ ಎಲ್ ಒಂದೇ ಇರಬೇಕು. ಎರಡು ಎಲ್ ಹಾಕಿದರೆ ಅದೇ ಹೆಸರಿನ ಬೇಡದ ಫೈಲ್ ಒಂದು ಹುಟ್ಟಿಕೊಳ್ಳುತ್ತದೆ.

ಮೂರನೆಯ ಸಾಲು ಪಟ್ಟಿಯನ್ನು ಎಲ್ಲಿ ಬರೆಯಬೇಕೆಂದು ಗೊತ್ತುಮಾಡುತ್ತದೆ. ಅದೇ ಫೋಲ್ಡರ್‌ನೊಳಗೆ ಬರೆದರೆ ಪಟ್ಟಿಯಲ್ಲಿ ಪಟ್ಟಿಯ ಹೆಸರೂ ಸೇರಿಕೊಳ್ಳುತ್ತದೆ. ಯಾಕೆಂದರೆ ಪಟ್ಟಿ ಮಾಡುವ ಡಿಐಆರ್ ಕಮಾಂಡ್ ಓಡುವ ಮೊದಲೇ ಆ ಫೈಲ್ ತಯಾರಾಗಿರುತ್ತದೆ. ಓದಲು ಮಾತ್ರ ಅನುಮತಿ ಇರುವ ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಬರೆಯಲಾಗದೆ ಸೋಲುವುದೂ ಉಂಟು. ಡೆಸ್ಕ್‌ಟಾಪ್ ಸುರಕ್ಷಿತ ಎನಿಸಬಹುದು, ಆದರೆ ಒನ್‌ಡ್ರೈವ್ ಬ್ಯಾಕಪ್ ಚಾಲೂ ಇರುವ ಕಂಪ್ಯೂಟರ್‌ಗಳಲ್ಲಿ ನೀವು ನೋಡುವ ಡೆಸ್ಕ್‌ಟಾಪ್ ಬೇರೆ ಜಾಗದಲ್ಲಿರುತ್ತದೆ. ತಾತ್ಕಾಲಿಕ ಫೈಲ್‌ಗಳಿಗೆಂದೇ ಇರುವ ಟೆಂಪ್ ಫೋಲ್ಡರ್‌ಗೆ ಇಂಥ ರಗಳೆಗಳಿಲ್ಲ. "%~ಎನ್‌ಎಕ್ಸ್1" ಎಂಬುದು ಆರಿಸಿದ ಫೋಲ್ಡರ್‌ನ ಹೆಸರನ್ನು ಪಟ್ಟಿಯ ಹೆಸರಿಗೆ ಜೋಡಿಸುತ್ತದೆ. ಇದಿಲ್ಲದೆ ಮೂರು ಫೋಲ್ಡರ್‌ಗಳನ್ನು ಒಟ್ಟಿಗೆ ಆರಿಸಿ ಕಮಾಂಡ್ ಒತ್ತಿದರೆ ಮೂರೂ ಒಂದೇ ಫೈಲ್‌ಗೆ ಬರೆದು ಒಂದರ ಮೇಲೊಂದು ಅಳಿಸಿಹಾಕುತ್ತವೆ. ಯಾದೃಚ್ಛಿಕ ಸಂಖ್ಯೆ ಕೊಡುವ %ರ‍್ಯಾಂಡಮ್% ಬಳಸಿದರಾಯಿತು ಎಂದು ತೋಚುವುದು ಸಹಜ. ಆದರೆ ಒಂದೇ ಸೆಕೆಂಡಿನೊಳಗೆ ಶುರುವಾದ ಎರಡು ಕಮಾಂಡ್ ಪ್ರಾಂಪ್ಟ್‌ಗಳಿಗೆ ಅದು ಒಂದೇ ಸಂಖ್ಯೆ ಕೊಡಬಹುದು, ಆದ್ದರಿಂದ ಇಲ್ಲಿ ಅದು ನಂಬಿಕೆಗೆ ಅರ್ಹವಲ್ಲ.

ನಾಲ್ಕನೆಯ ಸಾಲೇ ನಿಜವಾದ ಕೆಲಸಗಾರ. /ಬಿ ಎಂದರೆ ತಲೆಬರಹ, ದಿನಾಂಕ, ಗಾತ್ರ ಯಾವುದೂ ಇಲ್ಲದ ಬರೀ ಹೆಸರು. /ಎ:-ಡಿ-ಎಚ್-ಎಸ್ ಎಂದರೆ ಒಳಗಿನ ಫೋಲ್ಡರ್‌ಗಳು, ಮರೆಮಾಡಿದ ಫೈಲ್‌ಗಳು, ಸಿಸ್ಟಮ್ ಫೈಲ್‌ಗಳು ಬೇಡ. ಬರೀ -ಡಿ ಹಾಕಿ ನಿಲ್ಲಿಸಿದರೆ ಡೆಸ್ಕ್‌ಟಾಪ್.ಐಎನ್‌ಐ ಥರದ, ನೀವು ಎಂದೂ ನೋಡಿರದ ಹೆಸರುಗಳು ಪಟ್ಟಿಗೆ ನುಗ್ಗುತ್ತವೆ. /ಒ:ಎನ್ ಹೆಸರಿನ ಕ್ರಮ. ಕೊನೆಯ 2>&1 ತಪ್ಪಿನ ಸಂದೇಶವನ್ನೂ ಪಟ್ಟಿಗೇ ಬರೆಸುತ್ತದೆ. ಫೋಲ್ಡರ್ ಖಾಲಿಯಿದ್ದಾಗ ಬರೀ ಬಿಳಿ ಹಾಳೆ ತೆರೆದು ಗಲಿಬಿಲಿ ಮಾಡುವ ಬದಲು "ಫೈಲ್ ನಾಟ್ ಫೌಂಡ್" ಎಂದು ಸ್ಪಷ್ಟವಾಗಿ ಕಾಣುತ್ತದೆ.

ಐದನೆಯ ಸಾಲಿನ ಖಾಲಿ ಕೋಟ್‌ಗಳನ್ನು ಬಿಡಬೇಡಿ. ಸ್ಟಾರ್ಟ್ ಕಮಾಂಡ್ ತನಗೆ ಸಿಕ್ಕ ಮೊದಲ ಕೋಟ್‌ನೊಳಗಿನದನ್ನು ಕಿಟಕಿಯ ಶೀರ್ಷಿಕೆ ಎಂದುಕೊಳ್ಳುತ್ತದೆ. ಆ ಜಾಗವನ್ನು ಖಾಲಿ ಕೋಟ್‌ಗಳಿಂದ ತುಂಬಿದರೆ ಮುಂದಿನದೆಲ್ಲ ಸರಿಯಾದ ಕಡೆಗೆ ಹೋಗುತ್ತದೆ.

ಮೆನುವಿಗೆ ಸೇರಿಸುವ ಮೊದಲೇ ಪರೀಕ್ಷಿಸಿ: ಯಾವುದಾದರೂ ಫೋಲ್ಡರ್ ಅನ್ನು ಎಳೆದು ಲಿಸ್ಟ್.ಬಿಎಟಿ ಚಿಹ್ನೆಯ ಮೇಲೆ ಬಿಡಿ. ಪಟ್ಟಿ ನೋಟ್‌ಪ್ಯಾಡ್‌ನಲ್ಲಿ ತೆರೆಯಬೇಕು. ಇಲ್ಲಿ ತೆರೆಯದಿದ್ದರೆ ರಿಜಿಸ್ಟ್ರಿಯಿಂದಲೂ ತೆರೆಯುವುದಿಲ್ಲ, ಐದು ಸಾಲುಗಳನ್ನು ಮತ್ತೊಮ್ಮೆ ತಾಳೆ ನೋಡಿ.

ರಿಜಿಸ್ಟ್ರಿಯಲ್ಲಿ ಜಾಗ ಕೊಡುವುದು

ಹಲವು ಸೂಚನೆಗಳು ಎಚ್‌ಕೀ_ಕ್ಲಾಸಸ್_ರೂಟ್‌ಗೆ ಹೋಗಿ ಎನ್ನುತ್ತವೆ. ಆ ಶಾಖೆ ಎರಡು ಕಡೆಯ ಮಾಹಿತಿಯನ್ನು ಬೆರೆಸಿ ತೋರಿಸುವ ನೋಟವಷ್ಟೇ: ಇಡೀ ಕಂಪ್ಯೂಟರ್‌ಗೆ ಸೇರಿದ್ದು ಒಂದು, ಈಗ ಲಾಗಿನ್ ಆಗಿರುವ ಬಳಕೆದಾರರಿಗೆ ಸೇರಿದ್ದು ಇನ್ನೊಂದು. ಎರಡನೆಯದಕ್ಕೆ ನೇರವಾಗಿ ಬರೆಯುವುದೇ ಮೇಲು. ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ, ತಪ್ಪಾದರೂ ಬೇರೆಯವರ ಖಾತೆಗೆ ತಗಲುವುದಿಲ್ಲ.

1. ವಿಂಡೋಸ್ ಕೀ ಮತ್ತು ಆರ್ ಒತ್ತಿ, "ರೆಜ್‌ಎಡಿಟ್" (ಆರ್‌ಇಜಿಇಡಿಐಟಿ) ಹೊಡೆದು ಎಂಟರ್ ಮಾಡಿ.

2. ಎಡಗಡೆ ಎಚ್‌ಕೀ_ಕರೆಂಟ್_ಯೂಸರ್ > ಸಾಫ್ಟ್‌ವೇರ್ > ಕ್ಲಾಸಸ್ ತನಕ ತೆರೆಯುತ್ತಾ ಹೋಗಿ. ಕ್ಲಾಸಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಒತ್ತಿ ಒಂದು ಪ್ರತಿ ಇಟ್ಟುಕೊಳ್ಳಿ. ಅರ್ಧ ನಿಮಿಷದ ಕೆಲಸ, ತಪ್ಪಿಸಬೇಡಿ.

3. ಕ್ಲಾಸಸ್ ಒಳಗೆ "ಡೈರೆಕ್ಟರಿ" ಎಂಬ ಕೀ (ರಿಜಿಸ್ಟ್ರಿಯಲ್ಲಿ ಫೋಲ್ಡರ್‌ನಂತೆ ಕಾಣುವುದು) ಇದೆಯೇ ನೋಡಿ. ಇಲ್ಲದಿದ್ದರೆ ರೈಟ್ ಕ್ಲಿಕ್ > ನ್ಯೂ > ಕೀ ಒತ್ತಿ ಮಾಡಿ. ಅದರೊಳಗೆ "ಶೆಲ್", ಅದರೊಳಗೆ "ಫೈಲ್‌ಲಿಸ್ಟ್", ಅದರೊಳಗೆ "ಕಮಾಂಡ್": ಒಂದರೊಳಗೊಂದು ಇದೇ ಕ್ರಮದಲ್ಲಿ. ಫೈಲ್‌ಲಿಸ್ಟ್ ಎಂಬ ಹೆಸರು ನಿಮ್ಮಿಷ್ಟ. ಉಳಿದ ಮೂರನ್ನು ಬದಲಿಸುವಂತಿಲ್ಲ.

4. ಫೈಲ್‌ಲಿಸ್ಟ್ ಕೀ ಆರಿಸಿ, ಬಲಗಡೆಯ "ಡೀಫಾಲ್ಟ್" ಮೇಲೆ ಡಬಲ್ ಕ್ಲಿಕ್ ಮಾಡಿ, ಮೆನುವಿನಲ್ಲಿ ಕಾಣಬೇಕಾದ ಹೆಸರು ಬರೆಯಿರಿ. ಇದನ್ನು ಕನ್ನಡದಲ್ಲೇ ಹೊಡೆಯಬಹುದು: "ಫೈಲ್‌ಗಳ ಪಟ್ಟಿ ಮಾಡು". ರಿಜಿಸ್ಟ್ರಿ ಯೂನಿಕೋಡ್‌ನಲ್ಲೇ ಉಳಿಸುವುದರಿಂದ ಮೆನುವಿನಲ್ಲೂ ಕನ್ನಡವೇ ಕಾಣುತ್ತದೆ.

5. ಕಮಾಂಡ್ ಕೀ ಆರಿಸಿ, ಅದರ ಡೀಫಾಲ್ಟ್‌ನಲ್ಲಿ ಹೀಗೆ ಬರೆಯಿರಿ:

ಸಿಎಂಡಿ.ಇಎಕ್ಸ್‌ಇ /ಸಿ ""ಸಿ:\ಟೂಲ್ಸ್\ಲಿಸ್ಟ್.ಬಿಎಟಿ" "%ವಿ""

ಕೋಟ್‌ಗಳನ್ನು ಎಣಿಸಿ, ಒಟ್ಟು ಆರು. ಶುರುವಿನಲ್ಲಿ ಜೋಡಿ, ಬಿಎಟಿ ಆದ ಮೇಲೆ ಒಂದು, ಶೇಕಡಾ ಗುರುತಿನ ಮುಂಚೆ ಒಂದು, ಕೊನೆಯಲ್ಲಿ ಮತ್ತೆ ಜೋಡಿ. /ಸಿ ಆದ ಮೇಲೆ ಎರಡಕ್ಕಿಂತ ಹೆಚ್ಚು ಕೋಟ್ ಇದ್ದು ಮೊದಲ ಅಕ್ಷರವೇ ಕೋಟ್ ಆಗಿದ್ದರೆ, ಕಮಾಂಡ್ ಪ್ರಾಂಪ್ಟ್ ಮೊದಲನೆಯದನ್ನೂ ಕೊನೆಯದನ್ನೂ ಕಿತ್ತುಹಾಕುತ್ತದೆ. ಹೊರಗಿನ ಜೋಡಿ ಹಾಗೆ ಬಲಿಯಾಗಲೆಂದೇ ಇರುವುದು. ಒಳಗಿನವು ಉಳಿದು ಕೆಲಸ ಮಾಡುತ್ತವೆ. ನಾಲ್ಕೇ ಹಾಕಿದರೆ ಕೀಳಲ್ಪಡುವುದು ಬೇಕಾದವೇ. ಆಗ "ಮದುವೆ ಫೋಟೊ" ಎಂಬಂತೆ ಜಾಗ ಬಿಟ್ಟು ಬರೆದ ಹೆಸರು ಎರಡು ತುಂಡಾಗಿ, ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ ಅಥವಾ ತಪ್ಪು ಪಟ್ಟಿ ಬರುತ್ತದೆ.

%ವಿ ಎಂಬ ಜಾಗಕ್ಕೆ ಎಕ್ಸ್‌ಪ್ಲೋರರ್ ನೀವು ಕ್ಲಿಕ್ ಮಾಡಿದ ಫೋಲ್ಡರ್‌ನ ವಿಳಾಸ ತುಂಬುತ್ತದೆ. ಹಲವೆಡೆ %1 ಎಂದು ಬರೆದಿರುವುದು ಕಾಣುತ್ತದೆ. ಫೋಲ್ಡರ್ ಚಿಹ್ನೆಯ ಮೇಲೆ ಕ್ಲಿಕ್ ಮಾಡಿದಾಗ ಎರಡೂ ಒಂದೇ. ತೆರೆದ ಫೋಲ್ಡರ್‌ನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದಾಗ ಮಾತ್ರ %1 ಕೈಕೊಡುತ್ತದೆ. ಎಲ್ಲ ಕಡೆಯೂ %ವಿ ಬಳಸಿದರೆ ನೆನಪಿಡುವ ಕಷ್ಟ ಇಲ್ಲ.

ಒಂದು ಗಂಭೀರ ಎಚ್ಚರಿಕೆ: "ಶೆಲ್" ಕೀಯ ಡೀಫಾಲ್ಟ್‌ನಲ್ಲಿ ಏನನ್ನೂ ಬರೆಯಬೇಡಿ. ಡಬಲ್ ಕ್ಲಿಕ್ ಮಾಡಿದಾಗ ಯಾವ ಕಮಾಂಡ್ ಓಡಬೇಕು ಎಂದು ಹೇಳುವ ಜಾಗ ಅದು. ಅಲ್ಲಿ ಫೈಲ್‌ಲಿಸ್ಟ್ ಎಂದು ಬಿದ್ದುಬಿಟ್ಟರೆ ಫೋಲ್ಡರ್ ತೆರೆಯಲು ಹೋದಾಗಲೆಲ್ಲ ಪಟ್ಟಿ ಬರುತ್ತದೆ. ಹಾಗಾಗಿದ್ದರೆ ಆ ಡೀಫಾಲ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಲೀಟ್ ಒತ್ತಿ, ಫೋಲ್ಡರ್‌ಗಳು ಮೊದಲಿನಂತಾಗುತ್ತವೆ.

ಕಂಪ್ಯೂಟರ್ ಮರುಶುರು ಮಾಡುವುದು ಬೇಕಿಲ್ಲ. ಬರೆದ ತಕ್ಷಣ ಮೆನುವಿನಲ್ಲಿ ಹೊಸ ಸಾಲು ಕಾಣುತ್ತದೆ.

ವಿಂಡೋಸ್ 11ರಲ್ಲಿ "ಎಲ್ಲೂ ಕಾಣುತ್ತಿಲ್ಲ" ಎನ್ನುವವರಿಗೆ

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ರೈಟ್ ಕ್ಲಿಕ್ ಮೆನುವನ್ನು ಎರಡು ಅಂತಸ್ತು ಮಾಡಿತು. ಮೊದಲು ತೆರೆಯುವ ಹೊಸ ಮೆನುವಿಗೆ ಪ್ಯಾಕೇಜ್ ಗುರುತು ಇರುವ ಆ್ಯಪ್‌ಗಳಷ್ಟೇ ತಮ್ಮ ಸಾಲು ಸೇರಿಸಬಲ್ಲವು. ರಿಜಿಸ್ಟ್ರಿಯಲ್ಲಿ ಕೈಯಾರೆ ಬರೆದದ್ದು ಹಳೆಯ ಮೆನುವಿನಲ್ಲೇ ಉಳಿಯುತ್ತದೆ. ಅದಕ್ಕಾಗಿ "ಶೋ ಮೋರ್ ಆಪ್ಷನ್ಸ್" ಒತ್ತಿ, ಅಥವಾ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ. ಫೋಲ್ಡರ್ ಆರಿಸಿ ಶಿಫ್ಟ್ ಮತ್ತು ಎಫ್10 ಒತ್ತಿದರೂ ನೇರವಾಗಿ ಅದೇ ತೆರೆಯುತ್ತದೆ. ಶಿಫ್ಟ್ ರೂಢಿಯಾದರೆ ಸಾಕು, ಎರಡು ದಿನದಲ್ಲಿ ಕೈ ತಾನಾಗಿ ಹೋಗುತ್ತದೆ.

ಖಾಲಿ ಜಾಗ, ಡ್ರೈವ್, ಸ್ವಲ್ಪ ಅಲಂಕಾರ

ಫೋಲ್ಡರ್ ತೆರೆದುಕೊಂಡು ಅದರೊಳಗಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದಾಗಲೂ ಕಮಾಂಡ್ ಬೇಕಿದ್ದರೆ ಡೈರೆಕ್ಟರಿ ಕೀಯೊಳಗೆ "ಬ್ಯಾಕ್‌ಗ್ರೌಂಡ್", ಅದರೊಳಗೆ ಮತ್ತೆ ಶೆಲ್, ಫೈಲ್‌ಲಿಸ್ಟ್, ಕಮಾಂಡ್ ಮಾಡಿ ಅದೇ ಎರಡು ಬೆಲೆಗಳನ್ನು (ವ್ಯಾಲ್ಯೂ, ಅಂದರೆ ಡೀಫಾಲ್ಟ್‌ನಲ್ಲಿ ಬರೆದದ್ದು) ತುಂಬಿ. ಪೆನ್‌ಡ್ರೈವ್‌ನ ಚಿಹ್ನೆಯ ಮೇಲೂ ಬೇಕೆಂದರೆ ಕ್ಲಾಸಸ್ ಒಳಗೆ "ಡ್ರೈವ್" ಎಂಬ ಕೀ ಮಾಡಿ ಅದೇ ಕ್ರಮ ಅನುಸರಿಸಿ. ವಿಂಡೋಸ್ ಲೆಕ್ಕದಲ್ಲಿ ಡ್ರೈವ್ ಬೇರೆ, ಫೋಲ್ಡರ್ ಬೇರೆ. ಜಿಪ್ ಫೈಲ್ ನೋಡಲು ಫೋಲ್ಡರ್‌ನಂತಿದ್ದರೂ ಅದರ ವರ್ಗವೇ ಬೇರೆ, ಅದರ ಮೇಲೆ ಈ ಸಾಲು ಬರುವುದಿಲ್ಲ.

ಫೈಲ್‌ಲಿಸ್ಟ್ ಕೀಯಲ್ಲಿ ನ್ಯೂ > ಸ್ಟ್ರಿಂಗ್ ವ್ಯಾಲ್ಯೂ ಮೂಲಕ "ಐಕಾನ್" ಎಂಬ ಹೆಸರಿನದು ಸೇರಿಸಿ ಬೆಲೆಯಾಗಿ ನೋಟ್‌ಪ್ಯಾಡ್.ಇಎಕ್ಸ್‌ಇ ಕೊಟ್ಟರೆ ಮೆನುವಿನಲ್ಲಿ ಚಿಹ್ನೆ ಬರುತ್ತದೆ. "ಪೊಸಿಷನ್" ಎಂಬುದಕ್ಕೆ "ಟಾಪ್" ಎಂದು ಕೊಟ್ಟರೆ ಸಾಲು ಮೇಲಕ್ಕೆ ಹೋಗುತ್ತದೆ. "ಎಕ್ಸ್‌ಟೆಂಡೆಡ್" ಎಂಬುದನ್ನು ಖಾಲಿ ಬೆಲೆಯೊಂದಿಗೆ ಸೇರಿಸಿದರೆ ಶಿಫ್ಟ್ ಹಿಡಿದಾಗ ಮಾತ್ರ ಕಾಣುತ್ತದೆ.

ಬೇರೆ ಬಗೆಯ ಪಟ್ಟಿ ಬೇಕೆಂದರೆ

ಪಟ್ಟಿಯ ಬಗೆಗಾಗಿ ತಿದ್ದಬೇಕಾದ್ದು ಬ್ಯಾಚ್ ಫೈಲ್‌ನ ನಾಲ್ಕನೆಯ ಸಾಲು. ಒಳಗಿನ ಫೋಲ್ಡರ್‌ಗಳ ಫೈಲ್‌ಗಳೂ ಸೇರಬೇಕೆಂದರೆ /ಬಿ ಪಕ್ಕದಲ್ಲಿ /ಎಸ್ ಹಾಕಿ. ಆಗ ಪ್ರತಿ ಹೆಸರಿಗೂ ಪೂರ್ತಿ ವಿಳಾಸ ಬರುತ್ತದೆ. ಸಿ ಡ್ರೈವ್‌ನ ಮೇಲೆ ಇದನ್ನು ಓಡಿಸಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಗಾತ್ರ, ದಿನಾಂಕ ಬೇಕಿದ್ದರೆ /ಬಿ ತೆಗೆಯಿರಿ. /ಒ:ಎನ್ ಬದಲು /ಒ:ಡಿ ಹಾಕಿದರೆ ಹಳೆಯದು ಮೊದಲು, /ಒ:-ಡಿ ಹಾಕಿದರೆ ಹೊಸದು ಮೊದಲು. /ಒ:ಎಸ್ ಚಿಕ್ಕ ಗಾತ್ರದಿಂದ ದೊಡ್ಡದಕ್ಕೆ. ಫೋಲ್ಡರ್‌ಗಳ ಹೆಸರೂ ಬೇಕಿದ್ದು ಅವು ಮೊದಲು ಬರಬೇಕೆಂದರೆ /ಎ:-ಎಚ್-ಎಸ್ /ಒ:ಜಿಎನ್. ನೋಟ್‌ಪ್ಯಾಡ್ ತೆರೆಯದೆ ನೇರ ಪ್ರಿಂಟರ್‌ಗೆ ಹೋಗಬೇಕೆಂದರೆ ಐದನೆಯ ಸಾಲಿನಲ್ಲಿ ನೋಟ್‌ಪ್ಯಾಡ್ ಪದದ ನಂತರ /ಪಿ ಸೇರಿಸಿ. ಡೀಫಾಲ್ಟ್ ಪ್ರಿಂಟರ್ ಯಾವುದೆಂದು ಮೊದಲು ನೋಡಿಕೊಳ್ಳಿ, ಸಾವಿರ ಹೆಸರಿನ ಪಟ್ಟಿ ಹತ್ತಾರು ಹಾಳೆ ತಿನ್ನುತ್ತದೆ.

ಒಂದೇ ಬ್ಯಾಚ್ ಫೈಲ್ ತಿದ್ದಿ ತಿದ್ದಿ ಬಳಸುವುದಕ್ಕಿಂತ ಎರಡು ಮೂರು ಬೇರೆ ಬ್ಯಾಚ್ ಫೈಲ್ ಮಾಡಿ ಮೆನುವಿಗೆ ಎರಡು ಮೂರು ಸಾಲು ಸೇರಿಸುವುದು ಒಳ್ಳೆಯದು. ಫೈಲ್‌ಲಿಸ್ಟ್ ಪಕ್ಕದಲ್ಲೇ ಫೈಲ್‌ಲಿಸ್ಟ್2 ಮಾಡಿದರಾಯಿತು.

ಎಕ್ಸೆಲ್‌ಗೆ ಒಯ್ಯುವಾಗ ನೋಟ್‌ಪ್ಯಾಡ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡುವುದೇ ಸರಳ; ಸಾಲಿಗೊಂದು ಹೆಸರು ಬೀಳುತ್ತದೆ. ಅದಕ್ಕೂ ಮೊದಲು ಆ ಕಾಲಂನ ಬಗೆಯನ್ನು "ಟೆಕ್ಸ್ಟ್" ಎಂದು ಬದಲಿಸಿ. ಇಲ್ಲವಾದರೆ "10-12" ಎಂಬ ಫೋಲ್ಡರ್ ಹೆಸರನ್ನು ಎಕ್ಸೆಲ್ ತಾರೀಖು ಎಂದುಕೊಂಡು ಬದಲಿಸಿಬಿಡುತ್ತದೆ. ಫೈಲ್ ಮೂಲಕವೇ ತರುವುದಾದರೆ ಡೇಟಾ ಟ್ಯಾಬ್‌ನ "ಫ್ರಂ ಟೆಕ್ಸ್ಟ್/ಸಿಎಸ್‌ವಿ"ಯಲ್ಲಿ ಫೈಲ್ ಮೂಲವನ್ನು 65001 ಎಂದು ಆರಿಸಿ, ಕನ್ನಡ ಸರಿಯಾಗಿ ಬರುತ್ತದೆ.

ಎಲ್ಲಿ ಎಡವುತ್ತದೆ, ಯಾಕೆ

ಪಟ್ಟಿಯಲ್ಲಿ 10ನೆಯ ಫೈಲ್ 2ಕ್ಕಿಂತ ಮೊದಲು ಬರುತ್ತದೆ. ಎಕ್ಸ್‌ಪ್ಲೋರರ್ ಹೆಸರಿನೊಳಗಿನ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಓದುತ್ತದೆ, ಡಿಐಆರ್ ಒಂದೊಂದೇ ಅಕ್ಷರ ಹೋಲಿಸುತ್ತದೆ. ಹೆಸರಿಡುವಾಗಲೇ 01, 02 ಎಂದು ಬರೆಯುವುದೊಂದೇ ನೇರ ಪರಿಹಾರ.

ಹದಿನೈದಕ್ಕಿಂತ ಹೆಚ್ಚು ಫೋಲ್ಡರ್ ಒಟ್ಟಿಗೆ ಆರಿಸಿದರೆ ಮೆನುವಿನಿಂದ ನಿಮ್ಮ ಸಾಲು ಮಾಯವಾಗುತ್ತದೆ. ಒಂದೊಂದು ಫೋಲ್ಡರ್‌ಗೂ ಕಮಾಂಡ್ ಬೇರೆ ಬೇರೆಯಾಗಿ ಓಡುವುದರಿಂದ ಕಂಪ್ಯೂಟರ್ ಸುಸ್ತಾಗದಿರಲೆಂದು ವಿಂಡೋಸ್ ಇಟ್ಟ ಮಿತಿ ಅದು. ಅಷ್ಟು ಬೇಕಿದ್ದರೆ ಅವುಗಳ ಮೇಲಿನ ಫೋಲ್ಡರ್‌ಗೆ /ಎಸ್ ಇರುವ ಪಟ್ಟಿ ಓಡಿಸಿ.

ನೆಟ್‌ವರ್ಕ್ ಫೋಲ್ಡರ್‌ನ ಖಾಲಿ ಜಾಗದಿಂದ ಕರೆದಾಗ "ಯುಎನ್‌ಸಿ ಪಾತ್ಸ್ ಆರ್ ನಾಟ್ ಸಪೋರ್ಟೆಡ್" ಎಂಬ ಸಂದೇಶ ಕ್ಷಣಕಾಲ ಮಿನುಗಬಹುದು. ಕಮಾಂಡ್ ಪ್ರಾಂಪ್ಟ್ ಅಂಥ ವಿಳಾಸದಲ್ಲಿ ನಿಂತು ಕೆಲಸ ಮಾಡಲಾರದು, ಆದರೆ ನಾವು ಪೂರ್ತಿ ವಿಳಾಸವನ್ನೇ ಕೊಟ್ಟಿರುವುದರಿಂದ ಪಟ್ಟಿಗೆ ತೊಂದರೆಯಿಲ್ಲ. ಆಳವಾದ ಫೋಲ್ಡರ್‌ಗಳಲ್ಲಿ ವಿಳಾಸದ ಉದ್ದ 260 ಅಕ್ಷರ ಮೀರಿದರೆ ಮಾತ್ರ /ಎಸ್ ಪಟ್ಟಿ ಅರ್ಧಕ್ಕೆ ನಿಲ್ಲಬಹುದು. "ಟೂ ಲಾಂಗ್" ಎಂಬ ಸಾಲು ಪಟ್ಟಿಯಲ್ಲಿ ಕಂಡರೆ ಕಾರಣ ಅದೇ. ಆ ಫೋಲ್ಡರ್‌ಗೆ ಬೇರೆಯಾಗಿ ಪಟ್ಟಿ ಮಾಡಿ, ಇಲ್ಲವೇ ಮೇಲಿನ ಫೋಲ್ಡರ್‌ಗಳ ಹೆಸರು ಚಿಕ್ಕದು ಮಾಡಿ.

ಪಟ್ಟಿ ಬರುವ ಮುನ್ನ ಕಪ್ಪು ಕಿಟಕಿಯಲ್ಲಿ ಕನ್ನಡ ಚೌಕಗಳಾಗಿ ಕಂಡರೆ ಗಾಬರಿ ಬೇಡ. ಆ ಕಿಟಕಿಯ ಫಾಂಟ್‌ನಲ್ಲಿ ಕನ್ನಡ ಇಲ್ಲ, ಫೈಲ್‌ನಲ್ಲಿ ಅಕ್ಷರಗಳು ಸರಿಯಾಗಿಯೇ ಇರುತ್ತವೆ. ನೋಟ್‌ಪ್ಯಾಡ್‌ನಲ್ಲೂ ಹಾಗೇ ಕಂಡರೆ ಫಾಂಟ್ ಅನ್ನು ನಿರ್ಮಲಾ ಯುಐಗೆ ಬದಲಿಸಿ. ಕೆಲವು ಹಳೆಯ ಫೈಲ್‌ಗಳ ಹೆಸರು ಎಕ್ಸ್‌ಪ್ಲೋರರ್‌ನಲ್ಲೂ ಪಟ್ಟಿಯಲ್ಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಅವು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ವಿಧಾನದಲ್ಲಿ ಹೊಡೆದವು. ಯಾವ ಕಮಾಂಡ್ ಬಳಸಿದರೂ ಅವು ತಾವಾಗಿ ಕನ್ನಡವಾಗುವುದಿಲ್ಲ, ಹೆಸರನ್ನು ಯೂನಿಕೋಡ್‌ನಲ್ಲಿ ಮತ್ತೆ ಬರೆಯಬೇಕು.

ಇನ್ನೊಂದು ಕಂಪ್ಯೂಟರ್‌ಗೆ, ಅಥವಾ ಪೂರ್ತಿ ತೆಗೆಯಲು

ಕಚೇರಿಯ ಐದಾರು ಕಂಪ್ಯೂಟರ್‌ಗಳಲ್ಲಿ ಬೇಕಿದ್ದರೆ ಫೈಲ್‌ಲಿಸ್ಟ್ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಒತ್ತಿ. ಸಿಗುವ .ಆರ್‌ಇಜಿ ಫೈಲ್‌ನ ಜೊತೆ ಟೂಲ್ಸ್ ಫೋಲ್ಡರ್ ಅನ್ನೂ ಒಯ್ದು, ಅಲ್ಲಿ ಅದೇ ಜಾಗದಲ್ಲಿಟ್ಟು, .ಆರ್‌ಇಜಿ ಮೇಲೆ ಡಬಲ್ ಕ್ಲಿಕ್ ಮಾಡಿ. ಈ ಫೈಲನ್ನು ಕೈಯಿಂದ ಬರೆಯಲು ಹೋಗದಿರುವುದೇ ಕ್ಷೇಮ: ಅದರಲ್ಲಿ ಬೆಲೆಯೊಳಗಿನ ಪ್ರತಿ ಹಿಂದೋರೆಗೆರೆ ಎರಡೆರಡಾಗಬೇಕು, ಪ್ರತಿ ಒಳಕೋಟ್‌ಗೆ ಮೊದಲು ಒಂದು ಹಿಂದೋರೆಗೆರೆ ಬೇಕು, ಕನ್ನಡದ ಹೆಸರು ಉಳಿಯಲು ಯುಟಿಎಫ್-16 ಎಲ್‌ಇ ಎನ್‌ಕೋಡಿಂಗ್ ಬೇಕು. ಎಕ್ಸ್‌ಪೋರ್ಟ್ ಇದೆಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಬ್ಯಾಕ್‌ಗ್ರೌಂಡ್ ಮತ್ತು ಡ್ರೈವ್ ಒಳಗೂ ಸೇರಿಸಿದ್ದರೆ ಅಲ್ಲಿನ ಫೈಲ್‌ಲಿಸ್ಟ್ ಕೀಗಳನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು.

ತೆಗೆಯುವುದಾದರೆ ನೀವು ಮಾಡಿದ ಕಡೆಯಲ್ಲೆಲ್ಲ ಫೈಲ್‌ಲಿಸ್ಟ್ ಕೀಯನ್ನು ಮಾತ್ರ ಆರಿಸಿ ಡಿಲೀಟ್ ಮಾಡಿ. ಅದರ ಮೇಲಿನ ಶೆಲ್ ಕೀಯನ್ನು ಅಳಿಸಬೇಡಿ, ಬೇರೆ ಪ್ರೋಗ್ರಾಂಗಳೂ ಅದರೊಳಗೆ ತಮ್ಮ ಸಾಲುಗಳನ್ನು ಇಟ್ಟಿರಬಹುದು. ಮೆನುವಿನಿಂದ ಸಾಲು ಹೋದದ್ದನ್ನು ನೋಡಿದ ಮೇಲೆ ಟೂಲ್ಸ್ ಫೋಲ್ಡರ್‌ನಿಂದ ಲಿಸ್ಟ್.ಬಿಎಟಿ ಅಳಿಸಿ.